ಒಂಟಿ ಗ್ಯಾಲಕ್ಸಿಗಳ ಎಣಿಕೆ

ಜನವರಿ 9, ಸೋಮವಾರ

ಇವತ್ತಿನಿಂದ ಒಂಟಿಗಳು. ಅಕ್ಕಪಕ್ಕದಲ್ಲಿ ನಾಲ್ಕಾರು ದೊಡ್ಡ ಗ್ಯಾಲಕ್ಸಿಗಳಿರುವ ಗುಂಪಿನ ಅರವತ್ತನ್ನು ಡಿಸೆಂಬರ್ ಕೊನೆಗೆ ನೋಡಿ ಮುಗಿಸಿದ್ದೆ. ಈಗ ಹತ್ತಿರದಲ್ಲಿ ಯಾರೂ ಇಲ್ಲದೆ ಒಂಟಿಯಾಗಿರುವ ಅರವತ್ತು. ದೂರದರ್ಶಕ ತೆಗೆದ ಚಿತ್ರದಲ್ಲಿ ಒಂದೊಂದರ ಸುತ್ತಲೂ ಕುಬ್ಜ ಗ್ಯಾಲಕ್ಸಿಗಳು ಎಷ್ಟಿವೆ ಎಂದು ಹುಡುಕಿ ಗುರುತು ಹಾಕುವುದು ನನ್ನ ಕೆಲಸ. ಅವು ನಕ್ಷತ್ರದ ಹಾಗೆ ಹೊಳೆಯುವುದಿಲ್ಲ. ಗಾಜಿನ ಮೇಲೆ ಯಾರೋ ಬೆರಳಿಟ್ಟು ಒರೆಸಿದಂಥ ಮಬ್ಬು, ಅಷ್ಟೇ.

ಕಂಪ್ಯೂಟರ್‌ಗೇ ಕೊಡಬಹುದಲ್ಲ ಎಂದು ಹೊಸಬರು ಕೇಳುತ್ತಾರೆ. ಅದು ಧೂಳಿಗೂ ಗ್ಯಾಲಕ್ಸಿ ಎನ್ನುತ್ತದೆ, ನಿಜವಾದ ಮಬ್ಬನ್ನು ಬಿಟ್ಟೂಬಿಡುತ್ತದೆ. ಅದಕ್ಕೇ ಹತ್ತೊಂಬತ್ತು ವರ್ಷದಿಂದ ಈ ವೀಕ್ಷಣಾಲಯದ ಚಿತ್ರಕೋಣೆಯಲ್ಲಿ ನಾನಿದ್ದೇನೆ, ಹಗಲಲ್ಲೇ ಕಪ್ಪು ಪರದೆ ಎಳೆದುಕೊಂಡು. ಎಲ್ಲರೂ ನನ್ನನ್ನು ಹದ್ದಕ್ಕ ಎನ್ನುತ್ತಾರೆ. ಹದ್ದಿನ ಕಣ್ಣಿನ ಅಕ್ಕ.

ಈ ಸಂಶೋಧನೆ ಗುಬ್ಬಿಯದು. ನಿಂತುಕೊಂಡೇ ಊಟ ಮಾಡುತ್ತಾಳೆ, ಮಾತಾಡುತ್ತ ಕುಪ್ಪಳಿಸುತ್ತಾಳೆ, ಹಾಗಾಗಿ ಆ ಹೆಸರು ನಾನೇ ಇಟ್ಟದ್ದು.

"ಊರ ಮಧ್ಯೆ ಇರೋರ ಮನೇಲಿ ಚಿಳ್ಳೆಪಿಳ್ಳೆ ಜಾಸ್ತಿನಾ, ಊರಾಚೆ ಒಂಟಿ ಮನೇಲಿರೋರ ಹತ್ರ ಜಾಸ್ತಿನಾ? ಅಷ್ಟೇ ಅಕ್ಕ ನನ್ನ ಪ್ರಶ್ನೆ."

"ಎಲ್ಲಿ ಅಡುಗೆ ಚೆನ್ನಾಗಿರುತ್ತೋ ಅಲ್ಲಿ ಜಾಸ್ತಿ," ಎಂದೆ.

ಹೋದ ಆಗಸ್ಟಿನಲ್ಲಿ ನನ್ನ ಕಣ್ಣಿಗೆ ಪರೀಕ್ಷೆ ಇಟ್ಟಿದ್ದಳು. ಐವತ್ತು ಚಿತ್ರ. ನಲವತ್ತರಲ್ಲಿ ಅವಳೇ ಒಂದೊಂದು ಸುಳ್ಳು ಮಬ್ಬು ಸೇರಿಸಿದ್ದಳು, ಹತ್ತು ಖಾಲಿ. ಮೂವತ್ತೇಳನ್ನು ಹಿಡಿದಿದ್ದೆ. ಖಾಲಿಯಲ್ಲಿ ಒಂದಕ್ಕೂ ಗುರುತು ಹಾಕಲಿಲ್ಲ. ನನ್ನ ನೇಮ ಒಂದೇ: ಕಂಡರೆ ಗುರುತು, ಕಾಣದಿದ್ದರೆ ಇಲ್ಲ.

ಜನವರಿ 27, ಶುಕ್ರವಾರ

ಒಂಟಿಗಳು ಬಲು ಬಡವು. ಗುಂಪಿನವಕ್ಕೆ ಐದು, ಆರು ಸಿಗುತ್ತಿದ್ದವು. ಇವಕ್ಕೆ ಮೂರು ಸಿಕ್ಕರೆ ಪುಣ್ಯ. ಗುಬ್ಬಿಗೆ ಹೇಳಿದರೆ ಕಣ್ಣರಳಿಸಿಕೊಂಡು ನಿಂತಳು.

ಕಂಪ್ಯೂಟರಿನ ತೆರೆ ಮಂಕಾಗಿದೆ, ಬದಲಾಯಿಸಿ ಎಂದು ಬರೆದುಕೊಟ್ಟಿದ್ದೆ. ಕಂಪ್ಯೂಟರ್ ರಿಪೇರಿಯವನು ಬಂದು, ಒರೆಸಿ, ಏನೋ ಉಪಕರಣ ಹಿಡಿದು ನೋಡಿ, "ಸರಿಯಾಗಿದೆಯಲ್ಲ ಮೇಡಂ" ಎಂದ. ಮನೆಯಲ್ಲಿ ಇವರಿಗೆ ಹೇಳಿದೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ನಕ್ಕರು.

ಇವರದು ಲಿಫ್ಟ್ ರಿಪೇರಿ. ಮದುವೆಯಾದಾಗಿನಿಂದ ಒಂದೇ ಜೋಕು: ನಿನ್ನದು ಮೇಲೆ ನೋಡೋ ಕೆಲಸ, ನನ್ನದು ಮೇಲಕ್ಕೆ ಕಳಿಸೋ ಕೆಲಸ. ಇವತ್ತು ನನಗೆ ನಗು ಬರಲಿಲ್ಲ. ಟೀ ಲೋಟದ ಹೊರಗೆ ಬಿತ್ತು. ಹೊಸ ಲೋಟಗಳ ಬಾಯಿ ಸಣ್ಣದು.

ಫೆಬ್ರವರಿ 15, ಬುಧವಾರ

ಕೋಣೆ ಗುಡಿಸುವವಳು ಬಾಗಿಲ ಪಕ್ಕದಲ್ಲೇ ಬಕೆಟ್ ಇಟ್ಟಿದ್ದಳು. ಎಡವಿದೆ. ನೀರೆಲ್ಲ ಚೆಲ್ಲಿತು.

"ದಿನಾ ಇಲ್ಲೇ ಇಡೋದಲ್ವಾ ಅಕ್ಕ," ಎಂದಳು.

ದಾರಿಯಲ್ಲಿ ಇಡೋರಿಗೆ ಬುದ್ಧಿ ಇರಬೇಕು ಎಂದು ಬಾಯಿಗೆ ಬಂದಂತೆ ಬೈದೆ. ಅವಳು ಒರೆಸುತ್ತ ಮೂಗು ಎಳೆದುಕೊಂಡಳು. ಅತ್ತಳೋ ಏನೋ. ಅಷ್ಟು ಹೇಳಬಾರದಿತ್ತು. ಆದರೆ ಇವರೆಲ್ಲ ಈಚೆಗೆ ವಸ್ತುಗಳನ್ನು ಎಲ್ಲೆಂದರಲ್ಲಿ ಇಡುತ್ತಾರೆ.

ಸಂಜೆ ಇವರಿಗೂ ನನಗೂ ಜಗಳ. ಬಸ್ ನಿಲ್ದಾಣದ ಎದುರಿಗೆ ನಿಂತು ಕೈ ಬೀಸಿದರಂತೆ. ನಾನು ನೋಡಿಯೂ ನೋಡದವಳ ಹಾಗೆ ಮುಂದೆ ಹೋದೆನಂತೆ.

"ನನ್ನ ಪಕ್ಕದಲ್ಲೇ ಹೋದೆ ಕಣೇ. ಅಪರಿಚಿತರ ಥರ."

"ಕೂಗಬೇಕಿತ್ತು ನೀವು."

"ಹೆಂಡ್ತೀನ ಬೀದೀಲಿ ಕೂಗಿ ಕರೀಬೇಕಾ?"

ಕೂಗಿದ್ದರೆ ಏನು ಗಂಟು ಹೋಗುತ್ತಿತ್ತು?

ಮಾರ್ಚ್ 7, ಮಂಗಳವಾರ

ಮೂರು ಚಿತ್ರ. ಒಂದು, ಸೊನ್ನೆ, ಎರಡು. ತಲೆನೋವು.

ಮಾರ್ಚ್ 30, ಗುರುವಾರ

ಮುಗಿಯಿತು. ಗುಂಪಿನ ಅರವತ್ತಕ್ಕೆ ಮುನ್ನೂರ ಹನ್ನೆರಡು ಕುಬ್ಜಗಳು. ಒಂಟಿ ಅರವತ್ತಕ್ಕೆ ನೂರಾ ಎಪ್ಪತ್ತೊಂದು. ಗುಬ್ಬಿ ಕೋಣೆಯಲ್ಲಿ ಎರಡು ಸುತ್ತು ಹಾಕಿ ನನ್ನ ಕುತ್ತಿಗೆಗೆ ಜೋತುಬಿದ್ದಳು.

"ಹೆಚ್ಚುಕಡಿಮೆ ಅರ್ಧ ಅಕ್ಕ! ಸುತ್ತಲ ಪರಿಸರ ಇಷ್ಟು ಬದಲಾಯಿಸುತ್ತೆ ಅಂತ ಯಾರೂ ಅಂದುಕೊಂಡಿರಲಿಲ್ಲ."

ಅವಳ ಇಲ್ಲಿನ ಅವಧಿ ಜುಲೈಗೆ ಮುಗಿಯುತ್ತದೆ. ಈ ಎಣಿಕೆಯ ಪ್ರಬಂಧ ಪತ್ರಿಕೆಯಲ್ಲಿ ಒಪ್ಪಿಗೆಯಾದರೆ ಇನ್ನೊಂದು ವೀಕ್ಷಣಾಲಯದಲ್ಲಿ ಕಾಯಂ ಹುದ್ದೆ ಸಿಗಬಹುದು. ಆರು ವರ್ಷದಿಂದ ಅವಳು ಅಲ್ಲಿ ಎರಡು ವರ್ಷ, ಇಲ್ಲಿ ಎರಡು ವರ್ಷ ಎಂದು ಪೆಟ್ಟಿಗೆ ಹೊತ್ತು ತಿರುಗುತ್ತಿದ್ದಾಳೆ.

ಸಂಸ್ಥೆಯ ಮುಖ್ಯಸ್ಥರು ಬಂದರು. ನಾವು ಅವರನ್ನು ದೊಡ್ಡವರು ಎನ್ನುತ್ತೇವೆ. ಕಾಗದ ನೋಡಿ, "ಇನ್ನೊಬ್ಬರು ನೋಡಿಲ್ವಾ? ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರೆ," ಎಂದರು. ಜೊತೆಗೆ ನೋಡುತ್ತಿದ್ದವರು ಎರಡು ವರ್ಷದ ಹಿಂದೆ ನಿವೃತ್ತರಾದರು, ಆ ಜಾಗಕ್ಕೆ ಯಾರನ್ನೂ ತಂದಿಲ್ಲ.

ಗುಬ್ಬಿಯೇ ಹೇಳಿದಳು: "ಹದ್ದಕ್ಕ ನೋಡಿದ ಮೇಲೆ ಇನ್ಯಾರು ನೋಡ್ಬೇಕು ಸಾರ್?"

ದೊಡ್ಡವರು ನಕ್ಕರು. ನಾನೂ ನಕ್ಕೆ. ಹೆಮ್ಮೆಯಾಯಿತು ಎಂದು ಬರೆದರೆ ತಪ್ಪೇನಿಲ್ಲ, ಇದನ್ನು ಓದುವವರು ಯಾರು?

ಮೇ 8, ಸೋಮವಾರ

ಕಚೇರಿಯ ಮೆಟ್ಟಿಲು ಮುಗಿಯಿತು ಎಂದುಕೊಂಡು ಕಾಲಿಟ್ಟೆ. ಇನ್ನೂ ಒಂದಿತ್ತು. ಮಣಿಕಟ್ಟು ಊದಿದೆ, ಮೊಣಕಾಲಿನ ಚರ್ಮ ಕಿತ್ತಿದೆ.

"ಲಿಫ್ಟಿನವನ ಹೆಂಡತಿ ಮೆಟ್ಟಿಲಲ್ಲಿ ಬಿದ್ದಳು ಅಂದರೆ ನನ್ನ ಮರ್ಯಾದೆ ಏನಾಗಬೇಕು?" ಎಂದರು ಇವರು, ಬಟ್ಟೆ ಸುತ್ತುತ್ತ. ಆಮೇಲೆ ದನಿ ಬದಲಾಯಿತು. "ನನ್ನ ಕಡೆ ನೋಡು. ನೇರ ನೋಡು. ಈಗ ನನ್ನ ಎಡಗೈ ಎಲ್ಲಿದೆ?"

"ತೊಡೆ ಮೇಲೆ."

ಅವರ ಕೈ ನನ್ನ ಕಿವಿಯ ಪಕ್ಕದಲ್ಲಿತ್ತಂತೆ.

ಮೇ 12, ಶುಕ್ರವಾರ

ಇವರು ರಜೆ ಹಾಕಿ ಕರೆದುಕೊಂಡು ಹೋದರು. ಕಣ್ಣಿನ ಡಾಕ್ಟರ್ ಸಣ್ಣ ವಯಸ್ಸಿನ ಹೆಂಗಸು. ಒಂದು ಬಟ್ಟಲಿನಂಥ ಯಂತ್ರದೊಳಗೆ ಗದ್ದ ಇಡಿಸಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಿ ಎಂದರು. ನನಗೆ ನಗು ಬಂತು. ಜೀವಮಾನವೆಲ್ಲ ಮಾಡಿದ್ದು ಅದನ್ನೇ ತಾನೇ. ಸುಲಭವಾಗಿತ್ತು. ಚುಕ್ಕೆಗಳು ಅಪರೂಪಕ್ಕೆ ಬರುತ್ತಿದ್ದವು, ಬಂದಾಗ ಒತ್ತಿದೆ.

ಆಮೇಲೆ ಕಾಗದ ತೋರಿಸಿದರು. ಎರಡು ವೃತ್ತ, ಎರಡರಲ್ಲೂ ಅರ್ಧಕ್ಕಿಂತ ಹೆಚ್ಚು ಕಪ್ಪು.

"ಇಷ್ಟೂ ಜಾಗದಲ್ಲಿ ಚುಕ್ಕೆ ಬಂದಿತ್ತು. ನೀವು ಒತ್ತಲಿಲ್ಲ," ಎಂದರು. "ಮನೇಲಿ ಯಾರಿಗಾದರೂ ಗ್ಲಾಕೋಮಾ ಇತ್ತಾ?"

ನನ್ನ ಅಮ್ಮನಿಗೆ ಇತ್ತು ಎಂದು ಇವರು ಹೇಳಿದರು.

"ನಿಮಗೂ ಅದೇ. ಹೋದ ಕಣ್ಣು ವಾಪಸ್ ಬರಲ್ಲ. ಉಳಿದಿರೋದನ್ನ ಆದಷ್ಟು ದಿನ ಕಾಪಾಡೋಣ. ದಿನಾ ಡ್ರಾಪ್ಸ್ ತಪ್ಪಿಸಬೇಡಿ."

"ನನಗೆ ಎಲ್ಲೂ ಕಪ್ಪು ಕಾಣಲ್ವಲ್ಲ ಡಾಕ್ಟ್ರೇ? ಎಲ್ಲಾ ತುಂಬಿಕೊಂಡೇ ಇದೆ."

"ಕಪ್ಪು ಕಾಣಲ್ಲಮ್ಮ. ಕಾಣದ ಜಾಗಕ್ಕೆ ಸುತ್ತಮುತ್ತ ಏನಿದೆಯೋ ಅದನ್ನೇ ಮೆದುಳು ಹಚ್ಚಿಬಿಡುತ್ತೆ. ಗೋಡೆ ಇದ್ದರೆ ಗೋಡೆ, ಆಕಾಶ ಇದ್ದರೆ ಆಕಾಶ. ಅದಕ್ಕೇ ಇಷ್ಟು ತಡವಾಗಿ ಬರ್ತಾರೆ ಎಲ್ಲರೂ."

ತಂಗಿಗೂ ಪರೀಕ್ಷೆ ಮಾಡಿಸಬೇಕಂತೆ. ಫೋನ್ ಮಾಡಿದೆ. ಅವಳು ಮೊದಲು ಕೇಳಿದ್ದು, "ನಿನ್ನ ಕೆಲಸ?" ಅಂತ. ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದೆ. ತೆರೆಯ ಮುಂದೆ ನೇರ ಕೂತು ನೋಡುವ ಕೆಲಸ. ಮೆಟ್ಟಿಲು ಬೇರೆ, ಅದು ಬೇರೆ.

ಮೇ 13, ಶನಿವಾರ

ಅಮ್ಮ ಕೊನೆಯ ಆರು ವರ್ಷ ನಮ್ಮ ಮನೆಯಲ್ಲಿದ್ದಳು. ಊಟದ ತಟ್ಟೆಯ ಅಂಚನ್ನು ಬೆರಳಿಂದ ಸುತ್ತಿ ಸುತ್ತಿ ನೋಡುತ್ತಿದ್ದಳು. ನಾನು ಎಷ್ಟೋ ಸಲ ಬೇಗ ತಿನ್ನಮ್ಮ ಎಂದು ಗದರಿದ್ದೆ.

ಜೂನ್ 2, ಶುಕ್ರವಾರ

ಪ್ರಬಂಧವನ್ನು ಪರಿಶೀಲಿಸಿದವರ ಕಾಗದ ಬಂದಿದೆ. ಗುಬ್ಬಿ ಓದಿ ಹೇಳಿದಳು. ಎಲ್ಲ ಚೆನ್ನಾಗಿದೆಯಂತೆ, ಒಂದೇ ಆಕ್ಷೇಪ. ಒಂಟಿಗಳನ್ನು ನೋಡುವಾಗಲೂ ನೋಡಿದವರ ಕಣ್ಣು ಗುಂಪಿನವನ್ನು ನೋಡುವಾಗಿನಷ್ಟೇ ಚುರುಕಾಗಿತ್ತು ಎನ್ನುವುದಕ್ಕೆ ಆಧಾರ ಏನು? ಆಗಸ್ಟಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ ಅಂಕಿ ಕೊಡಿ.

"ಅರ್ಧ ದಿನದ ಕೆಲಸ ಅಕ್ಕ. ಸುಮ್ನೆ ಶಾಸ್ತ್ರಕ್ಕೆ," ಎಂದಳು.

ಹೂಂ ಎಂದೆ.

ಡಾಕ್ಟರ್ ಹೇಳಿದ್ದನ್ನು ಕಚೇರಿಯಲ್ಲಿ ಯಾರಿಗೂ ಹೇಳಿಲ್ಲ. ಮಣಿಕಟ್ಟು ಉಳುಕಿದೆ ಎಂದೇ ಎಲ್ಲರಿಗೂ ಗೊತ್ತು.

ಜೂನ್ 20, ಮಂಗಳವಾರ

ಪರೀಕ್ಷೆ. ಸುಳ್ಳು ಮಬ್ಬುಗಳು ಎಲ್ಲೆಲ್ಲಿವೆ ಎಂಬ ಪಟ್ಟಿಯನ್ನು ಗುಬ್ಬಿ ತನ್ನ ಮೇಜಿನ ಖಾನೆಯಲ್ಲಿಟ್ಟು, "ನೋಡೋ ಹಾಗಿಲ್ಲ ಆಯ್ತಾ?" ಎಂದು ನಗುತ್ತ ಹೇಳಿ ಊಟಕ್ಕೆ ಹೋದಳು. ಬೀಗ ಹಾಕಲಿಲ್ಲ. ನನ್ನನ್ನು ಅನುಮಾನಿಸುವುದು ಅವಳ ಕನಸಿನಲ್ಲೂ ಇಲ್ಲ.

ಏಳು ಚಿತ್ರ ನೋಡಿದೆ. ಏಳೂ ಖಾಲಿ. ತೆರೆಗೆ ಮೂಗು ತಾಗುವಷ್ಟು ಬಾಗಿದೆ. ತಲೆ ಓರೆ ಮಾಡಿದೆ. ಒಂದು ಕಣ್ಣು ಮುಚ್ಚಿದೆ. ಸ್ವಚ್ಛವಾದ ಆಕಾಶ. ಒಂದು ಹುಳುಕಿಲ್ಲ. ಐವತ್ತರಲ್ಲಿ ಹತ್ತು ಮಾತ್ರ ಖಾಲಿ ಎಂಬುದು ನನಗೆ ಗೊತ್ತು. ಏಳಕ್ಕೆ ಏಳೂ ಆ ಹತ್ತರಲ್ಲೇ ಸೇರಿರಬೇಕಾದರೆ ದೇವರೇ ಬಂದು ಜೋಡಿಸಿರಬೇಕು.

ಎದ್ದುಹೋಗಿ ಖಾನೆ ಎಳೆದೆ. ಭೂತಗನ್ನಡಿ ಹಿಡಿದು ಪಟ್ಟಿಯನ್ನು ಈ ಪುಸ್ತಕದ ಕೊನೆಯ ಪುಟಗಳಲ್ಲಿ ಬರೆದುಕೊಂಡೆ. ಬೇಕೆಂದೇ ನಾಲ್ಕನ್ನು ಬಿಟ್ಟೆ. ಪಟ್ಟಿ ವಾಪಸ್ ಇಟ್ಟು ಖಾನೆ ಮುಚ್ಚಿದೆ. ತೆರೆಯ ಮೂಲೆಯಲ್ಲಿ ಮೌಸ್ ಎಲ್ಲಿದೆ ಎನ್ನುವ ಅಂಕಿ ಬರುತ್ತದೆ. ಆ ಅಂಕಿಯನ್ನು ಪಟ್ಟಿಯ ಅಂಕಿಗೆ ಹೊಂದಿಸಿ ಹೊಂದಿಸಿ, ಬರೀ ಆಕಾಶದ ಸುತ್ತ ವೃತ್ತ ಹಾಕುತ್ತ ಹೋದೆ. ಮೂವತ್ತಾರು.

ಜೂನ್ 21, ಬುಧವಾರ

"ಮೂವತ್ತಾರು ಅಕ್ಕ! ಆಗಸ್ಟಿಗಿಂತ ಒಂದೇ ಕಡಿಮೆ. ಮುದುಕಿ ಆಗ್ತಿದ್ದೀರಿ!" ಎಂದಳು ಗುಬ್ಬಿ.

ಜುಲೈ 4, ಮಂಗಳವಾರ

ಪ್ರಬಂಧ ಒಪ್ಪಿಗೆಯಾಯಿತು. ಹುದ್ದೆಯವರೂ ಗುಬ್ಬಿಯನ್ನು ಕರೆದಿದ್ದಾರೆ. ಅಚ್ಚಿಗೆ ಹೋಗುವ ಪ್ರತಿಯನ್ನು ಹಿಡಿದು ಓಡಿಬಂದಳು.

"ಕೊನೇ ಪುಟ ಓದಿ ಅಕ್ಕ."

"ಕನ್ನಡಕ ತಂದಿಲ್ಲ. ನೀನೇ ಓದು." ಕನ್ನಡಕ ಕತ್ತಿನಲ್ಲೇ ನೇತಾಡುತ್ತಿತ್ತು. ಅವಳು ಗಮನಿಸಲಿಲ್ಲ.

ಓದಿದಳು. ಈ ಎಣಿಕೆಯಲ್ಲಿ ನಂಬಿಕೆಗೆ ಅರ್ಹವಾದದ್ದು ಏನಾದರೂ ಇದ್ದರೆ ಅದು ಹತ್ತೊಂಬತ್ತು ವರ್ಷ ತಾನು ಕಾಣದ ಒಂದನ್ನೂ ಕಂಡೆ ಎನ್ನದ ಒಬ್ಬರ ಕಣ್ಣಿನಿಂದ, ಎಂದು ಬರೆದಿದ್ದಾಳೆ. ನನ್ನ ಪೂರ್ತಿ ಹೆಸರು ಹಾಕಿದ್ದಾಳೆ.

ತಲೆ ಸವರಿದೆ. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಕೂತೆ. ಇವರು ಬಾಗಿಲು ತಟ್ಟಿದರು. ಎಲ್ಲ ಹೇಳಿದೆ, ಬಾಗಿಲ ಈಚೆಯಿಂದಲೇ.

ಇವರು ಆಚೆಯಿಂದ ಅಂದರು: "ಹೇಳಿದ್ರೆ ಆ ಹುಡುಗಿ ಬದುಕು ಹಾಳು. ಹೇಳದಿದ್ರೆ ನೀನು ಅನ್ನ ತಿನ್ನಲ್ಲ. ನಾನೇನು ಹೇಳಲಿ?"

ಜುಲೈ 5, ಬುಧವಾರ

ಹೇಳಿದೆ.

ಕೋಣೆಯ ಬಾಗಿಲು ಹಾಕಿ, ಡಾಕ್ಟರ್ ಕೊಟ್ಟ ಕಾಗದವನ್ನೂ ಈ ಪುಸ್ತಕದ ಕೊನೆಯ ಪುಟಗಳನ್ನೂ ಅವಳ ಮುಂದಿಟ್ಟೆ. ಗುಬ್ಬಿ ಮೊದಲು ಎರಡು ವೃತ್ತ ನೋಡಿದಳು, ಆಮೇಲೆ ಪಟ್ಟಿ. ನನ್ನ ಸಾಲುಗಳು ಒಂದರ ಮೇಲೊಂದು ಹತ್ತಿಕೊಂಡಿದ್ದವಂತೆ.

"ಇದು ಯಾವಾಗಿಂದ?"

"ಗೊತ್ತಿಲ್ಲ ಪುಟ್ಟ. ನಿಜವಾಗ್ಲೂ ಗೊತ್ತಿಲ್ಲ."

"ಒಂಟಿಗಳನ್ನ ನೋಡುವಾಗ?"

"ಇತ್ತು ಅನ್ಸುತ್ತೆ."

ಬೈಯುತ್ತಾಳೆ ಎಂದುಕೊಂಡಿದ್ದೆ. ಕುರ್ಚಿ ಎಳೆದುಕೊಂಡು ಕೂತಳು. ಅವಳು ಕೂತದ್ದನ್ನು ನಾನು ಕಂಡದ್ದೇ ಅಪರೂಪ.

"ಯಾಕೆ ಹೇಳಿದ್ರಿ?" ಎಂದಳು.

"ಏನು?"

"ಯಾಕೆ ಕದ್ದಿರಿ ಅಂತ ಕೇಳ್ತಿಲ್ಲ. ಅದು ಅರ್ಥ ಆಗುತ್ತೆ. ಯಾಕೆ ಹೇಳಿದ್ರಿ? ಇನ್ನು ಇಪ್ಪತ್ತು ದಿನ ಸುಮ್ನಿದ್ದಿದ್ರೆ ನಾನು ಹೊರಟುಹೋಗ್ತಿದ್ದೆ. ನನಗೆ ಗೊತ್ತೇ ಆಗ್ತಿರಲಿಲ್ಲ. ಈಗ ಗೊತ್ತಾಯ್ತಲ್ಲ ಅಕ್ಕ, ಈಗ ನಾನೇನು ಮಾಡ್ಲಿ?"

ಅವಳು ಎದ್ದುಹೋದಳು. ಹೋಗುವಾಗ ಬಾಗಿಲು ಜೋರಾಗಿ ಹಾಕಿದ್ದರೆ ಎಷ್ಟೋ ಚೆನ್ನಾಗಿತ್ತು. ಸದ್ದಾಗದಂತೆ ಮುಚ್ಚಿದಳು.

ಜುಲೈ 14, ಶುಕ್ರವಾರ

ಗುಬ್ಬಿ ಒಂದು ವಾರದಿಂದ ಈ ಕೋಣೆಗೆ ಬಂದಿಲ್ಲ. ನಾನು ಹೇಳಿದ ಮರುದಿನವೇ ದೊಡ್ಡವರ ಜೊತೆ ಮಾತಾಡಿ ಪ್ರಬಂಧ ವಾಪಸ್ ತೆಗೆದುಕೊಂಡಳಂತೆ. ಹುದ್ದೆಯವರಿಗೂ ತಾನೇ ಬರೆದಳಂತೆ. ಅವರು ಎರಡನೆಯ ಹೆಸರನ್ನು ಕರೆದರಂತೆ. ಎಲ್ಲ "ಅಂತೆ". ನನ್ನ ಹತ್ತಿರ ಅವಳು ಮಾತಾಡಿಲ್ಲ.

ಒಂಟಿಗಳಲ್ಲಿ ಇಪ್ಪತ್ತನ್ನು ಬೇರೆ ಇಬ್ಬರು ಕೂತು ಮತ್ತೆ ಎಣಿಸಿದರು. ನಾನು ಐವತ್ತೆರಡು ಎಂದಲ್ಲಿ ತೊಂಬತ್ತೇಳು ಸಿಕ್ಕವು. ಗುಂಪಿನವಕ್ಕೂ ಇವಕ್ಕೂ ಹೆಚ್ಚು ವ್ಯತ್ಯಾಸವೇ ಇಲ್ಲ. ಇದ್ದರೂ ಅದು ಇದೆ ಎನ್ನುವ ಧೈರ್ಯ ಈಗ ಯಾರಿಗೂ ಇಲ್ಲ. ಒಂಟಿಗಳು ಬಡವಾಗಿರಲೇ ಇಲ್ಲ.

ದೊಡ್ಡವರು ಕರೆಸಿದರು. ಈ ತಿಂಗಳ ಕೊನೆಗೆ ನನ್ನ ಕೆಲಸ ಮುಗಿಯುತ್ತದೆ. ಅದನ್ನು ಹೇಳಲು ಅವರು ಬಹಳ ಒದ್ದಾಡಿದರು. ನಾನೇ ಸಹಾಯ ಮಾಡಿದೆ.

"ಅದಲ್ಲಮ್ಮ ದೊಡ್ಡ ವಿಷಯ," ಎಂದರು. "ಹತ್ತೊಂಬತ್ತು ವರ್ಷ ನೀನು ನೋಡಿಕೊಟ್ಟದ್ದರ ಮೇಲೆ ಎಷ್ಟು ಜನ ಏನೇನು ಬರೆದಿದ್ದಾರೆ! ಯಾವುದನ್ನ ನಂಬೋದು, ಯಾವುದನ್ನ ಬಿಡೋದು? ಈಗ ನಿನಗೆ ನಿಜವಾಗಿ ಎಷ್ಟು ಕಾಣುತ್ತೆ ಅಂತ ಒಂದು ಅಂಕಿ ಬೇಕು. ಅದನ್ನ ಹಿಡಿದು ಹಿಂದಕ್ಕೆ ಲೆಕ್ಕ ಹಾಕಬಹುದೋ ಏನೋ. ಮತ್ತೊಂದು ಸಲ ಕೂರ್ತೀಯಾ?"

ಕೂರುತ್ತೇನೆ ಎಂದೆ.

ಮನೆಯಲ್ಲಿ ಇವರು ಮೆಟ್ಟಿಲ ಅಂಚಿಗೆಲ್ಲ ಬಿಳಿ ಪಟ್ಟಿ ಅಂಟಿಸುತ್ತಿದ್ದರು. ಯಾರನ್ನು ಕೇಳಿ ಅಂಟಿಸಿದಿರಿ ಎಂದು ಕಿರುಚಿದೆ. ಅವರು ತಲೆಯೆತ್ತದೆ ಅಂಟಿಸುತ್ತಲೇ ಹೋದರು.

ಜುಲೈ 24, ಸೋಮವಾರ

ಇವತ್ತು ದಪ್ಪ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಪುಟಕ್ಕೆ ಎಂಟು ಸಾಲು ಹಿಡಿಯುತ್ತದೆ.

ಪರೀಕ್ಷೆ ಮಾಡಿಸಲು ಯಾರಾದರೂ ಹೊಸಬರು ಬರುತ್ತಾರೆ ಎಂದುಕೊಂಡಿದ್ದೆ. ಗುಬ್ಬಿಯೇ ಬಂದಳು. ಬೇರೆಯವರು ಮಾಡಿದರೆ ಸರಿಯಾಗಿ ಮಾಡಲ್ಲ ಎಂದು ದೊಡ್ಡವರಿಗೆ ಹೇಳಿದಳಂತೆ. ನನಗೆ ಹೇಳಿದ್ದು ಇಷ್ಟೇ: "ಐವತ್ತು ಚಿತ್ರ. ಕಂಡರೆ ಕಂಡಿತು ಅನ್ನಿ, ಇಲ್ಲದಿದ್ದರೆ ಖಾಲಿ ಅನ್ನಿ. ಗುರುತು ನಾನು ಹಾಕ್ತೀನಿ."

ಪಟ್ಟಿಯನ್ನು ಈ ಸಲ ತನ್ನ ಕೈಯಲ್ಲೇ ಹಿಡಿದಿದ್ದಳು. ಕಾಗದದ ಸದ್ದು ಕೇಳುತ್ತಿತ್ತು.

ಪರದೆ ಎಳೆದಳು. ಮೊದಲ ಚಿತ್ರ.

"ಖಾಲಿ," ಎಂದೆ.

ಎರಡನೆಯದು. "ಖಾಲಿ."

ಮೂರನೆಯದರಲ್ಲಿ ಬಲಗಡೆ ಮೇಲೆ ಏನೋ ಇದ್ದ ಹಾಗಿತ್ತು. ಇದೆ ಎಂದುಬಿಡಲೇ ಎನ್ನಿಸಿತು. ಹತ್ತರಲ್ಲಿ ಎಂಟರಲ್ಲಿ ಇದ್ದೇ ಇರುತ್ತದೆ, ಸುಮ್ಮನೆ ಅಂದರೂ ಹೆಚ್ಚಿನವು ಸರಿಯಾಗುತ್ತವೆ. ಎದ್ದುಹೋಗಿ ನೀರು ಕುಡಿದು ಬಂದು ಮತ್ತೆ ನೋಡಿದೆ. ಕಾಣಲಿಲ್ಲ.

"ಖಾಲಿ."

ಹೀಗೇ ಮುಂದುವರಿಯಿತು. ಅವಳು "ಮುಂದೆ" ಎನ್ನುವುದು, ನಾನು "ಖಾಲಿ" ಎನ್ನುವುದು. ನಡುನಡುವೆ ಒಂದೊಂದು ಕಂಡಾಗ ನನ್ನ ದನಿ ಜೋರಾಗುತ್ತಿತ್ತು, ನನಗೇ ನಾಚಿಕೆಯಾಗುವಷ್ಟು. ಮೂವತ್ತರ ಹೊತ್ತಿಗೆ ಅವಳ "ಮುಂದೆ" ಮೆತ್ತಗಾಯಿತು. ನಲವತ್ತರ ಹೊತ್ತಿಗೆ ಬರೀ ಗುಂಡಿಯ ಸದ್ದು.

ಮುಗಿದ ಮೇಲೆ ಲೆಕ್ಕ ಕೂಡಿದಳು. ಎರಡು ಸಲ ಕೂಡಿದಳು ಎಂದು ಕಾಣುತ್ತದೆ.

"ನಲವತ್ತರಲ್ಲಿ ಒಂಬತ್ತು," ಎಂದಳು. ಕಾಗದ ತಿರುವಿ, "ಖಾಲಿ ಇದ್ದ ಹತ್ತನ್ನೂ ಸರಿಯಾಗಿ ಹೇಳಿದ್ದೀರಿ ಅಕ್ಕ."

ಇಪ್ಪತ್ತು ದಿನದ ಮೇಲೆ ಅಕ್ಕ ಎಂದಿದ್ದಳು. ಸಮಾಧಾನಕ್ಕೆ ಹೇಳಿದ್ದು. ಆದರೆ ನಲವತ್ತೊಂದು ಸಲ ಖಾಲಿ ಎಂದವಳ ಮಾತು ಹತ್ತು ಸಲ ಸರಿಯಾಗದೆ ಇರುತ್ತದೆಯೇ? ಆ ಹತ್ತಕ್ಕೂ ಉಳಿದ ಮೂವತ್ತೊಂದಕ್ಕೂ ನನಗೇನೂ ಫರಕು ಕಂಡಿರಲಿಲ್ಲ. ಹಾಗೆಂದು ಅವಳಿಗೆ ಹೇಳಲಿಲ್ಲ.

"ಮುಂದಕ್ಕೆ ಎಲ್ಲಿಗೆ ಹೋಗ್ತೀಯ?" ಎಂದು ಕೇಳಿದೆ.

"ಗೊತ್ತಿಲ್ಲ. ಸದ್ಯಕ್ಕೆ ಅಪ್ಪನ ಮನೆಗೆ."

ಫಲಿತಾಂಶದ ಕಾಗದಕ್ಕೆ ನನ್ನ ಸಹಿ ಬೇಕಿತ್ತು. ಪೆನ್ನು ಕೈಗೆ ಕೊಟ್ಟಳು. ಗೆರೆ ಎಲ್ಲಿದೆ ಎಂದು ನಾನು ಹುಡುಕುತ್ತಿರುವುದು ತಿಳಿದು, ಅದರ ಮೇಲೆ ತನ್ನ ಬೆರಳಿಟ್ಟು ನನ್ನ ಕೈಯನ್ನು ಅಲ್ಲಿಗೆ ಎಳೆದಳು. ಅವಳು ಬೆರಳು ತೆಗೆಯುವ ಮೊದಲೇ ಸಹಿ ಮಾಡಿಬಿಟ್ಟೆ. ಅವಳ ಉಗುರಿನ ಮೇಲೂ ಶಾಯಿ ಹತ್ತಿರಬೇಕು. ಒರೆಸಿಕೊಂಡಳೋ ಇಲ್ಲವೋ, ನನಗೆ ಕಾಣಲಿಲ್ಲ.